ಹುತ್ತರಿಯ ಇಬ್ಬನಿ, ಕ್ಯಾಮೆರಾದ ರಬ್ಬರು

ಹೊಸ ಕ್ಯಾಮೆರಾ ಹಿಡಿದು ನನ್ನ ಸ್ಟುಡಿಯೋಗೆ ಬರುವ ಹುಡುಗರು ಮೊದಲು ಕೇಳುವುದು ಇದನ್ನೇ: “ಅಣ್ಣಾ, ಇದು ವೆದರ್ ಸೀಲ್ಡ್. ನೆನೆದರೂ ಏನೂ ಆಗಲ್ಲ ಅಲ್ವಾ?”

ಸ್ವಲ್ಪ ನೆನೆದರೆ ಆಗಲ್ಲ. ಗುಂಡಿ, ಡಯಲ್, ಬ್ಯಾಟರಿ ಬಾಗಿಲು ಎಲ್ಲದರ ಅಂಚಿಗೂ ತೆಳು ರಬ್ಬರ್ ಪಟ್ಟಿ ಕೂರಿಸಿರುತ್ತಾರೆ. ಆದರೆ ಬಾಡಿಗೂ ಲೆನ್ಸಿಗೂ ನಡುವಿನ ರಬ್ಬರ್ ಉಂಗುರ ಇರಬೇಕಾದದ್ದು ಲೆನ್ಸಿನಲ್ಲಿ. ಬಾಡಿಯ ಮೇಲೆ ಲಕ್ಷ ಸುರಿದು ಸೀಲಿಲ್ಲದ ಲೆನ್ಸ್ ಸಿಕ್ಕಿಸಿದರೆ ನೀರಿಗೆ ಅಲ್ಲೇ ದಾರಿ. ಕ್ಯಾನನ್‌ನ ಕೆಲವು ದುಬಾರಿ ಲೆನ್ಸುಗಳಿಗೂ ಮುಂದೆ ಫಿಲ್ಟರ್ ತಿರುಗಿಸಿದ ಮೇಲೇ ಸೀಲ್ ಪೂರ್ತಿಯಾಗುವುದು. ಎಷ್ಟು ನೀರು ತಡೆಯುತ್ತದೆ ಎಂದು ಅಂಕಿ ಕೊಡುವ ಕಂಪನಿಗಳೂ ಕಡಿಮೆ. 2022ರಲ್ಲಿ ಬಂದ ಓಎಂ-1 ಕ್ಯಾಮೆರಾಕ್ಕೆ ಐಪಿ53 ಎಂಬ ದರ್ಜೆಯಿದೆ. 5 ಎಂಬುದು ದೂಳಿನ ಲೆಕ್ಕ. 3 ಎಂದರೆ ಮೇಲಿನಿಂದ 60 ಡಿಗ್ರಿವರೆಗೆ ಓರೆಯಾಗಿ ಬೀಳುವ ಸಿಂಪಡಿಕೆ ತಡೆದೀತು ಎಂದಷ್ಟೇ. ಹಾರಂಗಿ ಹಿನ್ನೀರಿಗೆ ಬಿದ್ದರೆ ಮುಗಿಯಿತು.

ಜುಲೈ ಮಳೆಯಲ್ಲಿ ಸುಂಟಿಕೊಪ್ಪದವರಿಗೆ ಯಾರೂ ಬುದ್ಧಿ ಹೇಳಬೇಕಿಲ್ಲ. ಕೊಡೆ, ಪ್ಲಾಸ್ಟಿಕ್ ಕೈಯಲ್ಲೇ ಇರುತ್ತದೆ. ಮೈಮರೆಯುವುದು ಚಳಿಗಾಲದಲ್ಲಿ. ಕೊಡಗಿನ ಸುಗ್ಗಿ ಹಬ್ಬ ಹುತ್ತರಿಯನ್ನೇ ನೋಡಿ. ಕಕ್ಕಬ್ಬೆಯ ಪಾಡಿ ಇಗ್ಗುತಪ್ಪ ದೇವಸ್ಥಾನದಲ್ಲಿ ಗೊತ್ತುಮಾಡಿದ ಮುಹೂರ್ತಕ್ಕೆ ರಾತ್ರಿ ಗದ್ದೆಗೆ ಇಳಿಯಬೇಕು. ಕದಿರು ಕೊಯ್ದು ಕೋವಿ ಹಾರಿಸುವವರೆಗೆ ಇಬ್ಬನಿಯಲ್ಲಿ ನಿಂತ ಕ್ಯಾಮೆರಾ ತಣ್ಣಗೆ ಕೊರೆಯುತ್ತಿರುತ್ತದೆ. ಅಷ್ಟರಲ್ಲಿ ಐನ್‌ಮನೆಯ ಹಿರಿಯರು, “ಬಾಪ್ಪ, ತಂಬುಟ್ಟು ತಿನ್ನು” ಎಂದು ಒಳಗೆ ಕರೆಯುತ್ತಾರೆ. ಒಳಗೆ ದೀಪ, ಒಲೆ, ತುಂಬಿದ ಜನ. 24 ಡಿಗ್ರಿ ಬಿಸಿ, ಶೇ. 70 ತೇವದ ಗಾಳಿಯಿರುವ ಕೋಣೆಯಲ್ಲಿ 18 ಡಿಗ್ರಿಗಿಂತ ತಣ್ಣಗಿರುವ ಯಾವ ವಸ್ತುವಿನ ಮೇಲಾದರೂ ಹನಿ ಕಟ್ಟುತ್ತದೆ. ಲೆನ್ಸ್ ಮಂಜಾಗುವುದು ಹೀಗೆ. ರಬ್ಬರಿಗೆ ಇದನ್ನು ತಡೆಯಲು ಬರುವುದಿಲ್ಲ. ಸೀಲ್ ಗಾಳಿಯನ್ನು ಪೂರ್ತಿ ಕಟ್ಟಿಹಾಕುವುದೂ ಇಲ್ಲ. ಜೂಮ್ ಎಳೆದಾಗಲೆಲ್ಲ ಲೆನ್ಸ್ ಅಷ್ಟು ಗಾಳಿ ಒಳಗೆಳೆದುಕೊಳ್ಳುತ್ತದೆ, ಜೊತೆಗೆ ತೇವವನ್ನೂ.

ಹಾಗಾಗಿ ಹೊಸ್ತಿಲು ದಾಟುವ ಮುಂಚೆಯೇ ಕ್ಯಾಮೆರಾವನ್ನು ಜಿಪ್ ಇರುವ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಮುಚ್ಚಿಬಿಡಿ. ಹನಿ ಚೀಲದ ಹೊರಮೈಗೆ ಕಟ್ಟಲಿ. ಕ್ಯಾಮೆರಾ ಕೋಣೆಯ ಬಿಸಿಗೆ ಬರುವವರೆಗೆ, ಸುಮಾರು ಒಂದು ಗಂಟೆ, ತೆರೆಯಬೇಡಿ. ಚಿತ್ರ ತುರ್ತಾಗಿ ಬೇಕಿದ್ದರೆ ಕಾರ್ಡನ್ನು ಹೊರಗೇ ತೆಗೆದಿಟ್ಟುಕೊಳ್ಳಿ. ಒಲೆ ಪಕ್ಕ ಇಟ್ಟು ಒಣಗಿಸುವ ಉಪಾಯವನ್ನಂತೂ ಕೈಬಿಡಿ.

ಹಿಮದ ನಾಡಿಗೆ ಹೋಗುವವರದು ಬೇರೆ ಪಾಡು. ಲಡಾಖ್‌ನ ಚಳಿಯಲ್ಲಿ ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆ ನಿಧಾನವಾಗಿ, ತುಂಬಿದ ಬ್ಯಾಟರಿಯೂ ಖಾಲಿ ಎನ್ನುತ್ತದೆ. ಅಂಗಿಯ ಒಳಜೇಬಿನಲ್ಲಿ ಬೆಚ್ಚಗಾದರೆ ಮತ್ತೆ ಕೆಲಸಕ್ಕೆ ಬರುತ್ತದೆ. ನಮ್ಮ ಚಳಿಗೆ ಆ ಚಿಂತೆ ಬೇಡ.

ನಮ್ಮ ಚಿಂತೆ ಬೂಷ್ಟು. ಒಳಹೊಕ್ಕ ತೇವ ಸೀಲಿನ ದೆಸೆಯಿಂದಲೇ ಬೇಗ ಹೊರಬರುವುದಿಲ್ಲ. ಸರಿಯಾಗಿ ಒಣಗದ ಕಾಫಿಯನ್ನು ಚೀಲಕ್ಕೆ ತುಂಬಿ ಹೊಲಿದಂತೆಯೇ ಇದು. ಗಾಜಿನ ಮೇಲೆ ಒಮ್ಮೆ ಬೇರು ಬಿಟ್ಟ ಬೂಷ್ಟು ಲೇಪವನ್ನೇ ತಿಂದುಹಾಕುತ್ತದೆ. ಹಿಂದೆಲ್ಲ ಬೀರುವಿನಲ್ಲಿ ಸಣ್ಣ ಬಲ್ಬು ಉರಿಸಿಡುತ್ತಿದ್ದೆವು. ಈಗ ತೇವವನ್ನು ಶೇ. 40ರಿಂದ 50ರೊಳಗೆ ನಿಲ್ಲಿಸುವ ವಿದ್ಯುತ್ ಪೆಟ್ಟಿಗೆಗಳಿವೆ. ಅಷ್ಟು ಖರ್ಚು ಬೇಡವೆಂದರೆ ಬಿಗಿ ಮುಚ್ಚಳದ ಡಬ್ಬಿ, ಅದರೊಳಗೆ ಸಿಲಿಕಾ ಜೆಲ್ ಸಾಕು. ಕಾಳುಗಳ ಬಣ್ಣ ಬದಲಾದ ಕೂಡಲೇ ಬಾಣಲೆಯಲ್ಲಿ ಸಣ್ಣ ಉರಿಗೆ ಬಿಸಿಮಾಡಿ ಮತ್ತೆ ಬಳಸಬಹುದು. ಆ ಬಾಣಲೆ ಮಾತ್ರ ಅಡುಗೆಯದ್ದಾಗಿರಬಾರದು.