ಕ್ಯಾನ್ಸರಿನ ಮಾತ್ರೆಯೂ ಕೈಕಾಲಿನ ನೋವೂ

ನಮ್ಮ ವಾಚನಾಲಯಕ್ಕೆ ಮಧ್ಯಾಹ್ನದ ಹೊತ್ತು ಪತ್ರಿಕೆ ಓದಲು ಬರುವ ಸೋದರಿಯರಲ್ಲಿ ಒಬ್ಬರು ಕೆಲವು ದಿನಗಳ ಹಿಂದೆ ನನ್ನನ್ನು ಪಕ್ಕಕ್ಕೆ ಕರೆದು ಒಂದು ಮಾತು ಕೇಳಿದರು. ಅವರಿಗೆ ಸ್ತನದ ಕ್ಯಾನ್ಸರಿಗಾಗಿ ಶಸ್ತ್ರಕ್ರಿಯೆಯಾಗಿ ವರ್ಷ ಕಳೆದಿದೆ. ಕಿರಣ ಚಿಕಿತ್ಸೆಯೂ ಮುಗಿದಿದೆ. ಈಗ ಉಳಿದಿರುವುದು ದಿನಕ್ಕೊಂದು ಸಣ್ಣ ಮಾತ್ರೆ. “ಟೀಚರೇ, ರೋಗ ಹೋಯಿತು ಎಂದು ಡಾಕ್ಟರರು ಹೇಳಿದರು. ಆದರೆ ಬೆಳಿಗ್ಗೆ ಎದ್ದರೆ ಪಾದ ನೆಲಕ್ಕೆ ಊರಲಾಗುವುದಿಲ್ಲ, ಬೆರಳು ಮಡಚಲಾಗುವುದಿಲ್ಲ. ಎಲುಬಿಗೆ ಇಳಿಯಿತೋ ಏನೋ” ಎಂದರು. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ನಾನು ವೈದ್ಯಳಲ್ಲ. ಮಕ್ಕಳಿಗೆ ಪಾಠ ಹೇಳಿ ನಿವೃತ್ತಳಾದವಳು. ಆದರೆ ಇಂತಹದೇ ಮಾತ್ರೆಯನ್ನು ಮೂರು ವರ್ಷಗಳಿಂದ ನುಂಗುತ್ತ ಬಂದವಳು. ಇದೇ ಭಯದಲ್ಲಿ ಎಷ್ಟೋ ರಾತ್ರಿಗಳನ್ನು ಕಳೆದವಳು. ಆ ಸೋದರಿಗೆ ಹೇಳಿದುದನ್ನೇ ಇಲ್ಲಿ ತುಸು ವಿಸ್ತಾರವಾಗಿ ಬರೆಯುತ್ತಿದ್ದೇನೆ. ವಿಕ್ರೋಳಿಯ ನಮ್ಮ ಮನೆಗಳಲ್ಲಿ ಈ ಮಾತ್ರೆ ತೆಗೆದುಕೊಳ್ಳುವವರು ಇನ್ನೂ ಇದ್ದಾರು. ಈ ರೋಗದ ಹೆಸರನ್ನೇ ಬಾಯಿಬಿಟ್ಟು ಹೇಳದ ವಾಡಿಕೆ ನಮ್ಮಲ್ಲಿರುವುದರಿಂದ ಒಬ್ಬರ ಅನುಭವ ಇನ್ನೊಬ್ಬರಿಗೆ ಮುಟ್ಟುವುದಿಲ್ಲ.

ಮೊದಲು ಮಾತ್ರೆಯ ವಿಚಾರ. ಸ್ತನದ ಕ್ಯಾನ್ಸರುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಈಸ್ಟ್ರೊಜೆನ್ ಎಂಬ ಹೆಣ್ಣು ಹಾರ್ಮೋನಿನ ಆಸರೆಯಿಂದ ಬೆಳೆಯುವಂಥವು. ಗಡ್ಡೆಯ ಪರೀಕ್ಷೆಯ ವರದಿಯಲ್ಲಿ ‘ಇ. ಆರ್. ಪಾಸಿಟಿವ್’ ಎಂದು ಬರೆದಿದ್ದರೆ ಅದರ ಅರ್ಥ ಇದೇ. ಈ ನಂಟನ್ನು ಮೊದಲು ಬೆಳಕಿಗೆ ತಂದವನು ಸ್ಕಾಟ್ಲೆಂಡಿನ ಗ್ಲಾಸ್ಗೊ ನಗರದ ಶಸ್ತ್ರವೈದ್ಯ ಜಾರ್ಜ್ ಬೀಟ್ಸನ್. ಅಂಡಾಶಯವನ್ನು ತೆಗೆದುಹಾಕಿದರೆ ಕೆಲವು ಹೆಂಗಸರ ಗಡ್ಡೆಗಳು ಕುಗ್ಗುತ್ತವೆ ಎಂದು ಆತ ೧೮೯೬ರಲ್ಲಿಯೇ ಪ್ರಕಟಿಸಿದ. ಮಾತ್ರೆಯಿಂದಲೇ ಆ ಕೆಲಸವಾಗಲು ಬಹುಕಾಲ ಬೇಕಾಯಿತು. ೧೯೬೨ರಲ್ಲಿ ಇಂಗ್ಲೆಂಡಿನ ಒಂದು ಪ್ರಯೋಗಶಾಲೆಯಲ್ಲಿ ಡೋರಾ ರಿಚರ್ಡ್‌ಸನ್ ಎಂಬಾಕೆ ತಯಾರಿಸಿದ ಟ್ಯಾಮಾಕ್ಸಿಫೆನ್, ಗರ್ಭನಿರೋಧಕ್ಕೆಂದು ಹೊರಟು ಆ ಕೆಲಸಕ್ಕೆ ಬಾರದೆ ಹೋದ ವಸ್ತು. ಅದೇ ೧೯೭೩ರಲ್ಲಿ ಆ ದೇಶದಲ್ಲಿ ಸ್ತನದ ಕ್ಯಾನ್ಸರಿಗೆ ಔಷಧಿಯಾಗಿ ಒಪ್ಪಿಗೆ ಪಡೆಯಿತು.

ಮುಟ್ಟು ನಿಂತ ಹೆಂಗಸರಿಗೆ ಈಗ ಸಾಮಾನ್ಯವಾಗಿ ಕೊಡುವುದು ಬೇರೆ ಗುಂಪಿನ ಮಾತ್ರೆಗಳನ್ನು: ಅನಾಸ್ಟ್ರೊಜೋಲ್, ಲೆಟ್ರೊಜೋಲ್, ಎಕ್ಸೆಮೆಸ್ಟೇನ್. ಅಂಡಾಶಯ ಕೆಲಸ ನಿಲ್ಲಿಸಿದ ಮೇಲೂ ಮೈಯ ಕೊಬ್ಬು, ಸ್ನಾಯು ಮೊದಲಾದ ಕಡೆ ಅರೋಮಟೇಸ್ ಎಂಬ ಕಿಣ್ವವೊಂದು ಸ್ವಲ್ಪ ಸ್ವಲ್ಪ ಈಸ್ಟ್ರೊಜೆನನ್ನು ತಯಾರಿಸುತ್ತಲೇ ಇರುತ್ತದೆ. ಈ ಮಾತ್ರೆಗಳು ಆ ಕಿಣ್ವವನ್ನು ತಡೆಯುತ್ತವೆ. ಟ್ಯಾಮಾಕ್ಸಿಫೆನ್ ಬೀಗದ ಕಂಡಿಯಲ್ಲಿ ತಾನು ಕುಳಿತು ನಿಜವಾದ ಕೀಲಿಕೈಯನ್ನು ಒಳಗೆ ಬಿಡದ ಮಾತ್ರೆ. ಇವು ಕೀಲಿಕೈ ಮಾಡುವ ಕಮ್ಮಾರಸಾಲೆಯನ್ನೇ ಮುಚ್ಚಿಸುವ ಮಾತ್ರೆಗಳು. ಮುಟ್ಟು ಇನ್ನೂ ನಿಲ್ಲದ ಕಿರಿಯರಿಗೆ ಇವನ್ನು ಕೊಡಬೇಕಾದರೆ ಅಂಡಾಶಯವನ್ನು ಸುಮ್ಮನಿರಿಸುವ ಇಂಜೆಕ್ಷನನ್ನೂ ಜೊತೆಗೆ ಕೊಡುತ್ತಾರೆ. ಐದು ವರ್ಷ ತೆಗೆದುಕೊಳ್ಳುವುದು ಸಾಮಾನ್ಯ ಕ್ರಮ. ಕೆಲವರಿಗೆ ಅದಕ್ಕೂ ಹೆಚ್ಚು.

ಮೈಯಲ್ಲಿದ್ದ ಅಷ್ಟಿಷ್ಟು ಈಸ್ಟ್ರೊಜೆನಿನಲ್ಲಿ ಹತ್ತರಲ್ಲಿ ಒಂಬತ್ತು ಪಾಲಿಗೂ ಹೆಚ್ಚು ಇಳಿದುಹೋಗುವುದರಿಂದ ಕ್ಯಾನ್ಸರಿಗೆ ಆಹಾರ ಸಿಗದಾಗುತ್ತದೆ. ಆದರೆ ಅದೇ ಹಾರ್ಮೋನು ಕೀಲುಗಳನ್ನೂ ಮೂಳೆಗಳನ್ನೂ ನೋಡಿಕೊಳ್ಳುತ್ತಿತ್ತು. ಆದುದರಿಂದ ಈ ಮಾತ್ರೆ ತೆಗೆದುಕೊಳ್ಳುವವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಕೀಲುಗಳು ಬಿಗಿಯುತ್ತವೆ, ನೋಯುತ್ತವೆ. ಸಾಮಾನ್ಯವಾಗಿ ಎರಡು ಮೂರು ತಿಂಗಳಲ್ಲಿ ಶುರುವಾಗಿ ಆರನೆಯ ತಿಂಗಳ ಹೊತ್ತಿಗೆ ಜೋರಾಗುತ್ತದೆ. ಎಡಬಲ ಎರಡೂ ಕಡೆ ಇರುವುದು, ಬೆಳಿಗ್ಗೆ ಎದ್ದಾಗ ಹೆಚ್ಚಿದ್ದು ಓಡಾಡಿದ ಮೇಲೆ ಸಡಿಲುವುದು ಇದರ ಗುರುತು. ಮುಷ್ಟಿ ಕಟ್ಟಲಾಗುವುದಿಲ್ಲ, ಉಂಗುರ ಬಿಗಿಯಾಗುತ್ತದೆ. ಕೆಲವರಿಗೆ ಒಂದು ಬೆರಳು ಮಡಚಿದಲ್ಲೇ ಸಿಕ್ಕಿಕೊಂಡು ಟಕ್ಕೆಂದು ಬಿಡುತ್ತದೆ. ಮಂಡಿ, ಹರಡು, ಅಂಗಾಲು ಇವುಗಳ ಪಾಡನ್ನು ಹೇಳುವುದೇ ಬೇಡ. ನೆಲದ ಮೇಲೆ ಈಳಿಗೆಮಣೆ ಇಟ್ಟುಕೊಂಡು ಕಾಯಿಪಲ್ಲೆ ಹೆಚ್ಚಿ ರೂಢಿಯಾದ ನಮಗೆ, ಕುಳಿತರೆ ಏಳಲಾಗದು, ಎದ್ದರೆ ಕೂರಲಾಗದು ಎಂಬ ಸ್ಥಿತಿ.

ಸಮಾಧಾನದ ಮಾತೊಂದಿದೆ. ಇದು ಕೀಲನ್ನು ತಿಂದುಹಾಕುವ ಸಂಧಿವಾತವಲ್ಲ. ಸ್ಕ್ಯಾನ್ ಮಾಡಿ ನೋಡಿದವರಿಗೆ ಸ್ನಾಯುರಜ್ಜುಗಳ ಸುತ್ತಲಿನ ಪೊರೆಯಲ್ಲಿ ಬಾವು ಕಂಡಿದೆಯೇ ಹೊರತು ಮೂಳೆ ಸವೆದು ಹಾಳಾದುದು ಕಂಡಿಲ್ಲ. ಮಾತ್ರೆ ನಿಂತರೆ ಹೆಚ್ಚಿನವರಿಗೆ ನೋವೂ ನಿಲ್ಲುತ್ತದೆ.

ಅಪಾಯ ಹುಟ್ಟುವುದೂ ಇದರಿಂದಲೇ. ನನ್ನ ಕತೆಯನ್ನೇ ಹೇಳುತ್ತೇನೆ. ಮೊದಲ ವರ್ಷದ ಮಳೆಗಾಲದಲ್ಲಿ ನನಗೆ ಮೋರಿಯಲ್ಲಿ ಬಟ್ಟೆ ಹಿಂಡಲೂ ಕೈ ಬಾರದಾಯಿತು. ಒಂದು ದಿನ ಮಾತ್ರೆ ಮರೆತೆ. ಮರುದಿನ ಬೇಕೆಂದೇ ಬಿಟ್ಟೆ. ಮೂರು ವಾರ ಕಳೆಯುವುದರಲ್ಲಿ ಮೈ ಹಗುರಾಯಿತು. ಯಾರಿಗೂ ಹೇಳದೆ ಸುಖವಾಗಿದ್ದೆ. ಒಂದು ಸಂಜೆ ಸೊಸೆ ಕಪಾಟು ಸರಿಮಾಡುತ್ತ, “ಅತ್ತೆ, ಈ ತಿಂಗಳ ಮಾತ್ರೆಯ ಪಟ್ಟಿ ಹಾಗೇ ಇದೆಯಲ್ಲ?” ಎಂದಳು. ಸುಳ್ಳು ಹೇಳಲು ನಾಲಗೆ ಬರಲಿಲ್ಲ. ಅವಳು ಬೈಯಲಿಲ್ಲ, ಮರುವಾರ ರಜೆ ಹಾಕಿ ನನ್ನ ಜೊತೆ ಆಸ್ಪತ್ರೆಗೆ ಬಂದಳು. ಅಲ್ಲಿನ ಕಿರಿಯ ವೈದ್ಯೆ ಎಲ್ಲವನ್ನೂ ಕೇಳಿ, “ಮಾವಶಿ, ನೋವಿದೆ ಎಂದು ಹೇಳಿದ್ದರೆ ನಾವೇ ಕೆಲವು ವಾರ ನಿಲ್ಲಿಸಿ ನೋಡುತ್ತಿದ್ದೆವು” ಎಂದು ಮರಾಠಿಯಲ್ಲಿ ಹೇಳಿದರು. ಹಿಂದಿನ ಎರಡು ಭೇಟಿಗಳಲ್ಲಿ ಅವರು “ಏನಾದರೂ ತೊಂದರೆ ಇದೆಯೆ?” ಎಂದು ಕೇಳಿದ್ದಾಗ “ಏನಿಲ್ಲ” ಎಂದು ತಲೆಯಾಡಿಸಿದವಳು ನಾನೇ. ಹೊರಗೆ ಅಷ್ಟು ಜನ ಕಾದು ನಿಂತಿರುವಾಗ ಮಂಡಿನೋವಿನ ಪುರಾಣ ಏಕೆಂದು ಅನಿಸಿತ್ತು.

ಹೀಗೆ ಬಿಡುವವರು ನಾನೊಬ್ಬಳೇ ಅಲ್ಲವೆಂದು ಆಮೇಲೆ ತಿಳಿಯಿತು. ಅಮೆರಿಕದಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಮಂದಿ ಹೆಂಗಸರ ಔಷಧಿ ದಾಖಲೆಗಳನ್ನು ಪರಿಶೀಲಿಸಿ ೨೦೧೦ರಲ್ಲಿ ಪ್ರಕಟಿಸಿದ ವರದಿಯಂತೆ, ಹಾರ್ಮೋನು ಮಾತ್ರೆಯನ್ನು ಹೇಳಿದ ಅವಧಿಯ ಪೂರ್ತಿ, ಹೇಳಿದ ಕ್ರಮದಲ್ಲಿ ತೆಗೆದುಕೊಂಡವರು ಸುಮಾರು ಅರ್ಧದಷ್ಟು ಮಾತ್ರ. ನಡುವೆ ಬಿಟ್ಟವರಲ್ಲಿ ಸಾವಿನ ಪ್ರಮಾಣ ಹೆಚ್ಚಾಗಿತ್ತೆಂದು ಮರುವರ್ಷ ಅದೇ ತಂಡ ತೋರಿಸಿತು. ಟ್ಯಾಮಾಕ್ಸಿಫೆನನ್ನು ಐದು ವರ್ಷ ತೆಗೆದುಕೊಂಡರೆ ಮುಂದಿನ ಹದಿನೈದು ವರ್ಷಗಳಲ್ಲಿ ಈ ರೋಗದಿಂದಾಗುವ ಸಾವುಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು ತಪ್ಪುತ್ತದೆ. ಮುಟ್ಟು ನಿಂತವರಿಗೆ ಅರೋಮಟೇಸ್ ತಡೆಯುವ ಮಾತ್ರೆಗಳು ಅದಕ್ಕಿಂತಲೂ ಸ್ವಲ್ಪ ಮೇಲು. ಇಷ್ಟು ಬೆಲೆಯುಳ್ಳ ವಸ್ತುವನ್ನು ನಾನು ಕಪಾಟಿನಲ್ಲಿ ಬಚ್ಚಿಟ್ಟಿದ್ದೆ.

ವೈದ್ಯರ ಕೈಯಲ್ಲಿ ಉಪಾಯಗಳಿವೆ. ಮಾತ್ರೆಯನ್ನು ಅವರ ಲೆಕ್ಕದಲ್ಲಿ ಕೆಲವು ವಾರ ನಿಲ್ಲಿಸಿ, ನೋವು ಇಳಿದ ಮೇಲೆ ಅದೇ ಗುಂಪಿನ ಇನ್ನೊಂದನ್ನು ಕೊಡುವುದು ಮುಖ್ಯವಾದುದು. ಫ್ರಾನ್ಸಿನಲ್ಲಿ ಅನಾಸ್ಟ್ರೊಜೋಲಿನ ನೋವು ತಾಳಲಾರದವರಿಗೆ ಒಂದು ತಿಂಗಳು ಬಿಡುವು ಕೊಟ್ಟು ಲೆಟ್ರೊಜೋಲ್ ಆರಂಭಿಸಿದಾಗ, ಹತ್ತರಲ್ಲಿ ಏಳು ಮಂದಿ ಆರು ತಿಂಗಳ ನಂತರವೂ ಅದನ್ನು ಮುಂದುವರಿಸಿದ್ದರು. ಅದೂ ಹಿಡಿಸದಿದ್ದರೆ ಟ್ಯಾಮಾಕ್ಸಿಫೆನ್ ಇದೆ. ಡುಲೊಕ್ಸೆಟಿನ್ ಎಂಬ ಮಾತ್ರೆಯಿಂದಲೂ ಕೆಲವರ ನೋವು ಕಡಿಮೆಯಾಗುತ್ತದೆ. ಅದು ಮನಸ್ಸಿನ ಖಿನ್ನತೆಗೂ ಕೊಡುವ ಔಷಧಿಯಾದ್ದರಿಂದ ಚೀಟಿಯಲ್ಲಿ ಕಂಡು ಯಾರೂ ಬೆದರಬೇಕಾಗಿಲ್ಲ. ಆದರೆ ಟ್ಯಾಮಾಕ್ಸಿಫೆನ್ ತೆಗೆದುಕೊಳ್ಳುವವರು ಅದನ್ನು ತಾವಾಗಿ ಸೇರಿಸಿಕೊಳ್ಳಬಾರದು. ಅಂತಹ ಕೆಲವು ಔಷಧಿಗಳು ಟ್ಯಾಮಾಕ್ಸಿಫೆನ್ ಮೈಯಲ್ಲಿ ಕೆಲಸಮಾಡುವ ಬಗೆಗೆ ಅಡ್ಡಬರುತ್ತವೆ.

ಇನ್ನು ನಮ್ಮ ಕೈಯಲ್ಲಿರುವುದು. ಎಲ್ಲಕ್ಕಿಂತ ಹೆಚ್ಚು ಗುಣ ಕಂಡಿರುವುದು ನಡಿಗೆಯಲ್ಲಿ ಎಂದರೆ ನೋವಿರುವವರಿಗೆ ಸಿಟ್ಟು ಬಂದೀತು. ನನಗೂ ಬಂದಿತ್ತು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು ಇಂತಹ ನೋವಿರುವ ೧೨೧ ಹೆಂಗಸರಲ್ಲಿ ಕೆಲವರಿಗೆ ಒಂದು ವರ್ಷ ವಾರಕ್ಕೆ ೧೫೦ ನಿಮಿಷ ಚುರುಕಾದ ನಡಿಗೆಯಂತಹ ವ್ಯಾಯಾಮವನ್ನೂ ಎರಡು ದಿನ ಭಾರ ಎತ್ತುವ ವ್ಯಾಯಾಮವನ್ನೂ ಮಾಡಿಸಿದರು. ಮಾಡಿದವರ ಹೆಚ್ಚಿನ ನೋವು ಮೂರರಲ್ಲೊಂದು ಪಾಲಿನ ಹತ್ತಿರ ಇಳಿಯಿತೆಂದು ೨೦೧೫ರಲ್ಲಿ ಪ್ರಕಟವಾಯಿತು. ಮಾಡದವರ ನೋವು ಇಳಿಯಲಿಲ್ಲ. ೧೫೦ ನಿಮಿಷವೆಂದರೆ ವಾರದ ಐದು ದಿನ ಅರ್ಧರ್ಧ ಗಂಟೆ. ಮೊದಲ ವಾರ ನನಗೆ ಆದದ್ದು ಎಂಟು ನಿಮಿಷ. ಠಾಗೋರ್ ನಗರದ ಒಳರಸ್ತೆಗಳು ಇದಕ್ಕೆ ಅನುಕೂಲ. ಮಳೆಯಲ್ಲಿ ಕಟ್ಟಡದ ಉದ್ದನೆಯ ಗ್ಯಾಲರಿಯೇ ಸಾಕು, ನೆರೆಯವರು ನಕ್ಕರೂ ಚಿಂತೆಯಿಲ್ಲ. ಭಾರದ ವ್ಯಾಯಾಮವನ್ನು ಮಾತ್ರ ಆಸ್ಪತ್ರೆಯ ಫಿಸಿಯೊಥೆರಪಿಯವರಿಂದ ಕಲಿತು, ಸ್ವಲ್ಪದಿಂದ ಆರಂಭಿಸಬೇಕು. ಕಂಕುಳಿನ ಗ್ರಂಥಿ ತೆಗೆದವರಿಗೆ ಆ ಕೈ ಬಾತುಕೊಳ್ಳುವ ಸಂಭವವಿರುತ್ತದೆ. ಒಮ್ಮೆಗೇ ತುಂಬಿದ ಬಕೀಟು ಎತ್ತುವುದು ವ್ಯಾಯಾಮವಲ್ಲ.

ಅಂಗಾಲಿನ ವಿಚಾರವನ್ನು ಬೇರೆಯಾಗಿಯೇ ಹೇಳಬೇಕು, ಏಕೆಂದರೆ ನಮ್ಮ ಮನೆಗಳ ನೆಲ ಲಾದಿಯದು, ಗಟ್ಟಿ; ನಾವು ನಡೆಯುವುದು ಬರಿಗಾಲಿನಲ್ಲಿ. ಮನೆಯೊಳಗೆ ಚಪ್ಪಲಿ ಹಾಕುವುದಕ್ಕೆ ನನ್ನ ಮನಸ್ಸು ಒಪ್ಪಿರಲಿಲ್ಲ. ಕೊನೆಗೆ ಹೊರಗೆ ಎಂದೂ ಹಾಕದ ಮೆತ್ತನೆಯ ಜೋಡೊಂದನ್ನು ಮಂಚದ ಬಳಿ ಇಟ್ಟುಕೊಂಡೆ. ದೇವರ ಮೂಲೆಗೆ ಹೋಗುವಾಗ ಬಿಡುತ್ತೇನೆ. ತೆಳ್ಳಗೆ ಸವೆದ ಹವಾಯಿ ಚಪ್ಪಲಿ ಪ್ರಯೋಜನವಿಲ್ಲ. ಹಿಮ್ಮಡಿಗೂ ಪಾದದ ಕಮಾನಿಗೂ ಆಸರೆ ಕೊಡುವಂಥದು ಬೇಕು. ಬೆಳಿಗ್ಗೆ ಎದ್ದೊಡನೆ ನಿಲ್ಲದೆ, ಮಂಚದ ಮೇಲೆ ಕುಳಿತೇ ಹರಡನ್ನು ಇಪ್ಪತ್ತು ಸಲ ಮೇಲಕ್ಕೂ ಕೆಳಕ್ಕೂ ಆಡಿಸಿ, ಬೆರಳುಗಳನ್ನು ಕೈಯಿಂದ ಹಿಂದಕ್ಕೆ ಎಳೆದು ಹಿಡಿಯಬೇಕು. ಆಮೇಲೆ ಗೋಡೆಗೆ ಎರಡೂ ಕೈ ಊರಿ, ಒಂದು ಕಾಲು ಹಿಂದಿಟ್ಟು ಹಿಮ್ಮಡಿ ಏಳದಂತೆ ಮುಂದಕ್ಕೆ ಬಾಗಿದರೆ ಮೀನಖಂಡ ಎಳೆಯುತ್ತದೆ. ಕುರ್ಚಿಯಲ್ಲಿ ಕುಳಿತು ನೀರು ತುಂಬಿದ ಬಾಟಲಿಯನ್ನು ಅಂಗಾಲಿನಡಿ ಉರುಳಿಸುವುದೂ ಹಿತ. ಬಿಸಿನೀರಿನಲ್ಲಿ ಪಾದವಿಡಬಹುದು. ಆದರೆ ಕೀಮೊಥೆರಪಿಯಿಂದ ಪಾದ ಜೋಮು ಹಿಡಿದಿರುವವರಿಗೂ ಸಕ್ಕರೆ ಕಾಯಿಲೆಯವರಿಗೂ ಬಿಸಿ ಗೊತ್ತಾಗದೆ ಬೊಬ್ಬೆ ಬಂದೀತು. ಮನೆಯವರು ನೀರು ಮುಟ್ಟಿ ನೋಡಲಿ. ಅಂದಹಾಗೆ, ಉರಿ, ಚುಚ್ಚು, ಜೋಮು ಇದ್ದರೆ ಅದು ಮಾತ್ರೆಯ ಕೀಲುನೋವಲ್ಲ, ಕೀಮೊಥೆರಪಿಯಿಂದ ನರಗಳಿಗಾದ ಪೆಟ್ಟಾಗಿರಬಹುದು. ಅದರ ಚಿಕಿತ್ಸೆ ಬೇರೆ, ಆದುದರಿಂದ ಡಾಕ್ಟರರಿಗೆ ಬಿಡಿಸಿ ಹೇಳಬೇಕು.

ಉಳಿದ ಮದ್ದುಗಳನ್ನು ಬೇಗ ಮುಗಿಸುತ್ತೇನೆ. ಅಕ್ಯುಪಂಕ್ಚರಿನಿಂದ ತುಸು ಉಪಶಮನವಾಗುತ್ತದೆಂದು ೨೨೬ ಮಂದಿಯ ಮೇಲೆ ನಡೆದು ೨೦೧೮ರಲ್ಲಿ ಪ್ರಕಟವಾದ ಪರೀಕ್ಷೆ ಹೇಳಿತು. ಮೀನೆಣ್ಣೆಯ ಗುಳಿಗೆಯ ಪರೀಕ್ಷೆಯಲ್ಲಿ ಒಂದು ತಮಾಷೆ ನಡೆಯಿತು: ಗುಳಿಗೆ ತಿಂದವರ ನೋವು ಅರ್ಧಕ್ಕೆ ಇಳಿಯಿತು, ಔಷಧಿಯಿಲ್ಲದ ಹುಸಿ ಗುಳಿಗೆ ತಿಂದವರದೂ ಅಷ್ಟೇ ಇಳಿಯಿತು. ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಆದರೆ ಸ್ಟೇಷನ್ ಬದಿಯಲ್ಲಿ ಮಾರುವ, ಎರಡೇ ದಿನದಲ್ಲಿ ಗುಣವೆನ್ನುವ ಪುಡಿಗಳಿಂದ ದೂರವಿರುವುದು ಲೇಸು. ಅಂತಹವುಗಳಲ್ಲಿ ಸ್ಟಿರಾಯ್ಡ್ ಬೆರೆಸುವುದುಂಟು. ಪ್ಯಾರಾಸಿಟಮಾಲ್ ಆಗಾಗ ಸರಿ. ಡೈಕ್ಲೊಫೆನಾಕ್‌ನಂತಹ ನೋವಿನ ಮಾತ್ರೆಗಳನ್ನು ಕೆಮಿಸ್ಟರಿಂದ ತಂದು ದಿನವೂ ನುಂಗಿದರೆ ಹೊಟ್ಟೆಗೂ ಮೂತ್ರಪಿಂಡಕ್ಕೂ ಕೇಡು. ಮೂಳೆಯ ಸಾಂದ್ರತೆಯನ್ನು ಅಳೆಯುವ ಪರೀಕ್ಷೆ, ಕ್ಯಾಲ್ಸಿಯಂ, ವಿಟಮಿನ್ ‘ಡಿ’ ಇವುಗಳ ಬಗ್ಗೆ ಕೇಳಲು ಮರೆಯಬಾರದು. ಈ ಮಾತ್ರೆಗಳು ಮೂಳೆಯನ್ನು ತೆಳುವಾಗಿಸುತ್ತವೆ.

ಇನ್ನು ಆ ಸೋದರಿ ಕೇಳಿದ ಪ್ರಶ್ನೆ. ರೋಗ ಎಲುಬಿಗೆ ಇಳಿದ ನೋವು ಸಾಮಾನ್ಯವಾಗಿ ಒಂದೇ ಜಾಗದಲ್ಲಿ ನೆಲೆಸಿ, ದಿನದಿನಕ್ಕೆ ಹೆಚ್ಚುತ್ತ, ಮಲಗಿದರೂ ಬಿಡದೆ ರಾತ್ರಿ ಎಚ್ಚರಿಸುತ್ತದೆ. ಅಂತಹದಿದ್ದರೆ ಮುಂದಿನ ತಾರೀಖಿಗೆ ಕಾಯದೆ ಹೋಗಬೇಕು. ಒಂದೇ ಕಾಲಿನ ಮೀನಖಂಡ ಬಾತು, ಬಿಸಿಯಾಗಿ ನೋಯುತ್ತಿದ್ದರೆ, ಅದರಲ್ಲಿಯೂ ಟ್ಯಾಮಾಕ್ಸಿಫೆನ್ ತೆಗೆದುಕೊಳ್ಳುವವರಿಗೆ, ರಕ್ತ ಹೆಪ್ಪುಗಟ್ಟಿರಬಹುದು. ಅದಕ್ಕೆ ಎಣ್ಣೆ ಹಚ್ಚಿ ತಿಕ್ಕಲೇಬಾರದು. ಅಂದೇ ಡಾಕ್ಟರರ ಬಳಿ ಹೋಗಬೇಕು. ಉಸಿರು ಕಟ್ಟಿದಂತಾದರೆ ಗಳಿಗೆಯೂ ತಡಮಾಡಬಾರದು.

೧೯೪೧ರಲ್ಲಿ ಬಾಗಿಲು ತೆರೆದ ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆಗೆ ನಮ್ಮ ಕಡೆಯವರು ಹೋಗುವುದು ವಿಕ್ರೋಳಿಯಿಂದ ಸ್ಲೋ ಲೋಕಲಿನಲ್ಲಿ. ಅಂಗವಿಕಲರಿಗೆಂದು ಮೀಸಲಾದ ಡಬ್ಬಿಯಲ್ಲಿ ಕ್ಯಾನ್ಸರ್ ರೋಗಿಗಳೂ ಕೂರಬಹುದೆಂಬುದು ಹಲವರಿಗೆ ತಿಳಿಯದು. ಆಸ್ಪತ್ರೆಯ ಕಾಗದ ಕೈಯಲ್ಲಿರಲಿ. ಹೋಗುವ ಮೊದಲು ಒಂದು ವಾರದ ಲೆಕ್ಕ ಬರೆದಿಡುವುದು ಒಳ್ಳೆಯದು: ಯಾವ ಕೀಲು, ಬೆಳಿಗ್ಗೆ ಎಷ್ಟು ಹೊತ್ತು ಬಿಗಿ, ಹತ್ತರಲ್ಲಿ ಎಷ್ಟು ನೋವು, ಯಾವ ಕೆಲಸ ಆಗುತ್ತಿಲ್ಲ, ಎಷ್ಟು ಮಾತ್ರೆ ತಪ್ಪಿದೆ. ಸಾಲಿನಲ್ಲಿ ನಿಂತಾಗ ಬಾಯಿಗೆ ಬಾರದ್ದನ್ನು ಚೀಟಿ ಹೇಳುತ್ತದೆ.

ಆ ಸೋದರಿ ಹಾಗೆ ಬರೆದುಕೊಂಡು, ಗಂಡನನ್ನೂ ಕರೆದುಕೊಂಡು ಹೋಗಿಬಂದರು. ಮಾತ್ರೆ ಸದ್ಯಕ್ಕೆ ಅದೇ. ಎರಡು ತಿಂಗಳು ವ್ಯಾಯಾಮ ಮಾಡಿ ಬನ್ನಿ, ಆಮೇಲೆ ಬದಲಿಸುವ ಯೋಚನೆ ಮಾಡೋಣ ಎಂದರಂತೆ. ಸಂಜೆ ಆರಕ್ಕೆ ನಾವಿಬ್ಬರೂ ವಾಚನಾಲಯದ ಮುಂದೆ ಸೇರಿ ನಡೆಯಲು ಹೊರಡುತ್ತೇವೆ. ನಿಧಾನವಾಗಿಯೇ ನಡೆಯುತ್ತೇವೆ, ನಡುವೆ ಎರಡು ಕಡೆ ಕೂರುತ್ತೇವೆ. ಜೊತೆಗೆ ಬರಬೇಕೆನ್ನುವವರು ಮೆತ್ತನೆಯ ಬೂಟು ಹಾಕಿಕೊಂಡು ಬರಲಿ.