ಮಿಂಚಿನ ಉಪಚಾರವೂ ಸೋಯಾಬೀನದ ಬೀಜವೂ

ಮಿರಗದ ಮಳೆ ಹಿಡಿಯಿತೆಂದರೆ ಮಿರಜದ ಪೇಟೆಯಲ್ಲಿ ರೈತರದು ಒಂದೇ ಮಾತು: ಈ ಸಲದ ಸೋಯಾಬೀನ ನಾಟೀತೋ ಇಲ್ಲವೋ? ೨೦೨೦ನೆಯ ಇಸವಿಯ ಮುಂಗಾರಿಯಲ್ಲಿ ಮಹಾರಾಷ್ಟ್ರದ ಅನೇಕ ಕಡೆ ಬೀಜ ನಾಟದೆ ರೈತರು ಎರಡನೆಯ ಸಲ ಬಿತ್ತಬೇಕಾಯಿತು. ನಾವೂ ಒಂದು ವರ್ಷ ಚೀಲದ ಮೇಲಿನ ಚೀಟಿಯನ್ನಷ್ಟೇ ನಂಬಿ ಬಿತ್ತಿ, ಎರಡು ಎಕರೆ ಹರಗಿ ಮತ್ತೆ ಕೂರಿಗೆ ಹೂಡಿದೆವು. ಮಕ್ಕಳಿಗೆ ಬೀಜ ಮೊಳೆಯುವ ಪಾಠ ಹೇಳುವವರಿಗೆ ಇದು ನಾಚಿಕೆಯ ಸಂಗತಿಯೇ ಸರಿ.

ಈಚೆಗೆ ‘ತಣ್ಣನೆಯ ಪ್ಲಾಸ್ಮಾ’ ಎಂಬ ಬೀಜೋಪಚಾರದ ಮಾತು ಕೇಳಿಬರುತ್ತಿರುವದು. ಅನಿಲದೊಳಗೆ ಬಲವಾದ ವಿದ್ಯುತ್ತು ಹಾಯ್ದಾಗ ಅದರ ಕಣಗಳಿಂದ ಇಲೆಕ್ಟ್ರಾನುಗಳು ಸಿಡಿದು ಬೇರೆಯಾಗುತ್ತವೆ. ಈ ಸ್ಥಿತಿಗೆ ಅಮೇರಿಕೆಯ ಶಾಸ್ತ್ರಜ್ಞ ಲ್ಯಾಂಗ್ಮ್ಯೂರನು ೧೯೨೮ರಲ್ಲಿ ಪ್ಲಾಸ್ಮಾ ಎಂದು ಹೆಸರಿಟ್ಟನು. ಆಕಾಶದ ಮಿಂಚು ಸುಡುವ ಪ್ಲಾಸ್ಮಾ. ಟ್ಯೂಬ್‌ಲೈಟಿನ ಕೊಳವೆಯೊಳಗೆ ಬೆಳಗುವದೂ ಪ್ಲಾಸ್ಮಾವೇ. ಆದರೆ ಅಲ್ಲಿ ಇಲೆಕ್ಟ್ರಾನುಗಳಷ್ಟೇ ಕಾದಿರುತ್ತವೆ, ಅನಿಲವು ಅಷ್ಟು ಕಾಯುವದಿಲ್ಲ. ಇಂಥ ತಣ್ಣನೆಯ ಪ್ಲಾಸ್ಮಾದಲ್ಲಿ ಬೀಜವನ್ನು ಕೆಲವು ಸೆಕೆಂಡು ಇಲ್ಲವೆ ಕೆಲವು ನಿಮಿಷ ಇಡುವದೇ ಈ ಉಪಚಾರ.

ಇದರಿಂದ ಸಿಪ್ಪೆಯ ಮೇಲ್ಮೈ ತುಸು ಸವೆದು ನೀರನ್ನು ಬೇಗ ಹೀರುವದು. ಮೇಲೆ ಅಂಟಿದ ಬೂಷ್ಟಿನ ಬೀಜಾಣುಗಳೂ ಸಾಯುವವು. ಚೀನದ ಶಾಸ್ತ್ರಜ್ಞರು ೨೦೧೪ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಸೋಯಾಬೀನಕ್ಕೆ ೧೫ ಸೆಕೆಂಡು ಈ ಉಪಚಾರ ಮಾಡಿದರು. ೮೦ ವ್ಯಾಟ್ ಶಕ್ತಿಯಲ್ಲಿ ಮೊಳಕೆ ಎಲ್ಲಕ್ಕಿಂತ ಚೆನ್ನಾಗಿ ಬಂದಿತು. ಶಕ್ತಿ ಹೆಚ್ಚಿಸಿದಾಗ ಲಾಭ ಹೆಚ್ಚಲಿಲ್ಲ. ಉಪಚಾರ ಅತಿಯಾದರೆ ಬೀಜವೇ ಕೆಡುವದು. ಇದಕ್ಕೆ ಬೇಕಾಗುವದು ಸಾವಿರಾರು ವೋಲ್ಟಿನ ವಿದ್ಯುತ್ತು. ಮನೆಯಲ್ಲಿ ತಂತಿ ಜೋಡಿಸಿ ಮಾಡಿ ನೋಡುವ ಆಟವಲ್ಲ!

ಆದರೆ ನಮ್ಮ ಬೀಜದ ಬೇನೆ ಬೇರೆ ಇದೆ. ಸೋಯಾಬೀನದ ಸಿಪ್ಪೆ ಬಹು ತೆಳುವು, ಮೊಳಕೆಯ ಕಣ್ಣು ಅದರ ಅಡಿಯಲ್ಲಿಯೇ ಇರುವದು. ಒಕ್ಕುವ ಯಂತ್ರದ ವೇಗ ಹೆಚ್ಚಾದರೆ, ಚೀಲವನ್ನು ಗಾಡಿಯಿಂದ ಎತ್ತಿ ಒಗೆದರೆ, ಸುಗ್ಗಿಯಲ್ಲಿ ಕಾಯಿ ಮಳೆಗೆ ತೊಯ್ದರೆ ಆ ಕಣ್ಣು ಸಾಯುತ್ತದೆ. ಹೊರಗಿನಿಂದ ನೋಡಿದರೆ ಕಾಳು ದುಂಡಗೆ, ಹಳದಿಯಾಗಿ ಚೆಂದವೇ ಕಾಣುವದು. ಸತ್ತ ಕಾಳಿಗೆ ಯಾವ ಪ್ಲಾಸ್ಮಾವೂ ಜೀವ ತುಂಬಲಾರದು.

ಆದುದರಿಂದ ಆರಗ, ಬೇಡಗದ ಕಡೆಯ ರೈತಬಾಂಧವರು ಮೊದಲು ಗೋಣಿತಟ್ಟಿನ ಪರೀಕ್ಷೆ ಮಾಡಬೇಕು. ಚೀಲದ ಮೇಲೆ, ನಡುವೆ, ಬುಡದಲ್ಲಿ ಕೈಹಾಕಿ ಕಾಳು ತೆಗೆದು ಬೆರೆಸಿರಿ. ಆರಿಸದೆ ೧೦೦ ಕಾಳು ಎಣಿಸಿರಿ. (ದಪ್ಪ ಕಾಳನ್ನೇ ಆರಿಸುವ ಚಪಲ ನಮಗೂ ಉಂಟು, ಅದು ನಮಗೆ ನಾವೇ ಮಾಡಿಕೊಳ್ಳುವ ಮೋಸ.) ತೊಯ್ಸಿ ಹಿಂಡಿದ ಗೋಣಿತಟ್ಟಿನ ಮೇಲೆ ಹತ್ತತ್ತರ ಸಾಲಿನಲ್ಲಿಟ್ಟು, ಮೇಲೆ ಇನ್ನೊಂದು ಹಸಿ ತಟ್ಟು ಹೊದಿಸಿ, ಸುರುಳಿ ಸುತ್ತಿ ನೆರಳಿನಲ್ಲಿಡಿರಿ. ದಿನಾಲು ನೀರು ಚಿಮುಕಿಸುವದು, ನೀರು ನಿಲ್ಲಬಾರದು. ಆರೇಳು ದಿವಸಕ್ಕೆ ಬಿಚ್ಚಿ, ಬೇರೂ ಎಲೆಯೂ ನೆಟ್ಟಗಿರುವ ಸಸಿಗಳನ್ನು ಮಾತ್ರ ಎಣಿಸಿರಿ.

ಪ್ರಮಾಣಿತ ಸೋಯಾಬೀನಕ್ಕೆ ೧೦೦ಕ್ಕೆ ಕನಿಷ್ಠ ೭೦ ಮೊಳೆಯಬೇಕೆಂಬ ನಿಯಮವಿದೆ. ಅಷ್ಟು ಬಂದರೆ ಎಕರೆಗೆ ೩೦ ಕಿಲೋ ಸಾಕು. ತುಸು ಕಡಿಮೆಯಾದರೆ ಬೀಜ ಹೆಚ್ಚಿಸಿರಿ. ೬೦ಕ್ಕಿಂತ ಕೆಳಗಿಳಿದರೆ ಆ ಚೀಲವನ್ನು ಬಿತ್ತಿಗೆಗೆ ಒಯ್ಯಬೇಡಿರಿ. ಒಳ್ಳೆಯ ಬೀಜವಿದ್ದರೂ ೭೫ರಿಂದ ೧೦೦ ಮಿಲಿಮೀಟರ ಮಳೆ ಬಿದ್ದು ಹಸಿ ಆಳಕ್ಕೆ ಇಳಿಯುವವರೆಗೆ ಕೂರಿಗೆ ಹೂಡುವದು ಬೇಡ.