ಮಗ್ಗದ ಕಿವಿಯ ಮಿಸ್ತ್ರಿ

ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಸುಮಾರು 40 ಕಿಲೋಮೀಟರ್. ಕುಂಭಾರಿ ದಾಟಿ ವಳಸಂಗ ಹತ್ತಿರವಾಗುವ ಹೊತ್ತಿಗೆ ಗೆಳೆಯನ ಕೆಂಪು ಸ್ಪೋರ್ಟ್ಸ್ ಕಾರಿನ ಉಷ್ಣದ ಮುಳ್ಳು ಮೇಲೇರತೊಡಗಿತು. ಮೇ ತಿಂಗಳು, ಹೊರಗೆ 43 ಡಿಗ್ರಿ. ಪುಣೆಯಿಂದ ಹಾರಿಕೊಂಡು ಬಂದಿದ್ದ ಗಾಡಿ ಈಗ ಮೇವಿನ ಟ್ರ್ಯಾಕ್ಟರಿನ ಹಿಂದೆ ತೆವಳುತ್ತಿತ್ತು. ಇಂಥ ಗಾಡಿಗೆ ಕಷ್ಟ ಬರುವುದೇ ತೆವಳುವಾಗ. ಓಡುವಾಗ ರೇಡಿಯೇಟರಿಗೆ ಗಾಳಿ ತಾನೇ ನುಗ್ಗುತ್ತದೆ, ನಿಂತರೆ ಫ್ಯಾನೇ ಗತಿ. ಎಸಿ ಆರಿಸಿ ಹೀಟರ್ ಹಚ್ಚು ಎಂದೆ. ಗೆಳೆಯ ನನಗೆ ಹುಚ್ಚು ಹಿಡಿಯಿತೇನೋ ಎಂಬಂತೆ ನೋಡಿದ. ಹೀಟರ್ ಅನ್ನುವುದೂ ಒಂದು ಪುಟ್ಟ ರೇಡಿಯೇಟರೇ, ಎಂಜಿನ್ನಿನ ಬಿಸಿಯನ್ನು ಹೀರಿ ನಮ್ಮ ಮುಖಕ್ಕೆ ಊದುತ್ತದೆ. ಮುಳ್ಳು ಕೊಂಚ ಇಳಿಯಿತು, ನಾವು ಬೆಂದೆವು.

ರಸ್ತೆ ಬದಿಯ ತಗಡಿನ ಶೆಡ್ಡಿನ ಮಿಸ್ತ್ರಿ ಗಾಡಿಯ ಅಂದಚಂದ ನೋಡಲೇ ಇಲ್ಲ. ನಾವು ರೇಡಿಯೇಟರಿನ ಬಿರಡೆಗೆ ಕೈ ಹಾಕಿದ್ದೇ ತಡ, "ಅದನ್ನ ಮುಟ್ಟಬ್ಯಾಡ್ರಿ, ಮಾರಿ ಸುಡತದ" ಎಂದು ಗದರಿದರು. ಒತ್ತಡದಲ್ಲಿರುವ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಹೊಂಚಿ ಕೂತಿರುತ್ತದೆ. ಬಿರಡೆ ಸಡಿಲಿಸಿದರೆ ಒಮ್ಮೆಗೇ ಉಗಿಯಾಗಿ ಚಿಮ್ಮುತ್ತದೆ. ಆಮೇಲೆ ಎಣ್ಣೆಯ ಕಡ್ಡಿ ಎಳೆದು ಬೆರಳಿಗೆ ಸವರಿಕೊಂಡು, "ಮಜ್ಜಿಗಿ ಆಗಿಲ್ಲ, ಹೆಡ್ ಉಳದದ" ಎಂದರು. ಹೆಡ್ ಗ್ಯಾಸ್ಕೆಟ್ ಸುಟ್ಟು ನೀರು ಎಣ್ಣೆಗೆ ಇಳಿದರೆ ಎಣ್ಣೆ ಬೆಳ್ಳಗೆ, ಕಡೆದ ಮಜ್ಜಿಗೆಯಂತಾಗುತ್ತದೆ. ಅದಾಗಿದ್ದರೆ ಗಾಡಿ ಪುಣೆಗೆ ಟೆಂಪೋ ಏರಬೇಕಿತ್ತು.

ಎಂಜಿನ್ ತಣಿದ ಮೇಲೆ ನೀರು ತುಂಬಿ ಚಾಲೂ ಮಾಡಿಸಿದರು. ಗೆಳೆಯ ವಾರದಿಂದ ಅಂಜುತ್ತಿದ್ದ "ಟಿಕ್ ಟಿಕ್" ಸದ್ದು ಅಲ್ಲೂ ಹಾಜರು. ಮಿಸ್ತ್ರಿ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿನ ಮುಚ್ಚಳಕ್ಕೆ ಊರಿ, ಹಿಡಿಯನ್ನು ಕಿವಿಯ ಮುಂದಿನ ಎಲುಬಿಗೆ ಒತ್ತಿ, ಕಣ್ಣು ಮುಚ್ಚಿದರು. "ಎರಡ ಸುತ್ತಿಗೆ ಒಂದ ಬಡೀತದ. ಮ್ಯಾಲಿಂದು. ಬಡೀಲಿ ಬಿಡ್ರಿ." ಕೆಳಗಿನ ಬೇರಿಂಗ್ ಸವೆದಿದ್ದರೆ ಕ್ರ್ಯಾಂಕಿನ ಪ್ರತಿ ಸುತ್ತಿಗೂ ಭಾರದ ಗುದ್ದು ಕೇಳುತ್ತದೆ, ಆಕ್ಸಿಲರೇಟರ್ ಒತ್ತಿದಷ್ಟೂ ಜೋರಾಗುತ್ತದೆ. ಇದು ಕವಾಟಗಳ ಸದ್ದು. ಇಂಥದ್ದನ್ನು ಎಲ್ಲಿ ಕಲಿತಿರಿ ಅಂದರೆ, ಕಾರಿನಲ್ಲಿ ಅಲ್ಲವಂತೆ. ಗ್ಯಾರೇಜು ಹಾಕುವ ಮೊದಲು ಅವರು ಪವರ್‌ಲೂಮ್ ಶೆಡ್ಡಿನಲ್ಲಿ ಜಾಬರ್, ಅಂದರೆ ಮಗ್ಗಗಳ ವೈದ್ಯ.

ಇಲ್ಲಿ ನನ್ನ ಕಿವಿ ನೆಟ್ಟಗಾಯಿತು. ಸೊಲ್ಲಾಪುರದ ಚಾದರ, ಟವೆಲ್ಲು ಎಲ್ಲರಿಗೂ ಗೊತ್ತು. 1877ರಲ್ಲಿ ಶುರುವಾದ ಜುನಿ ಮಿಲ್ಲಿನ ಕಾಲದಿಂದ ಈ ಊರಿನ ಹಲವು ತಲೆಮಾರುಗಳು ಯಂತ್ರಮಗ್ಗದ ಸದ್ದಿನಲ್ಲೇ ಬೆಳೆದಿವೆ. ಸಾದಾ ಪವರ್‌ಲೂಮಿನ ಹೊಟ್ಟೆಯಲ್ಲಿ ಎರಡು ಶಾಫ್ಟುಗಳು: ಮೇಲೆ ಕ್ರ್ಯಾಂಕ್, ಕೆಳಗೆ ಟ್ಯಾಪೆಟ್ ಶಾಫ್ಟ್. ಕ್ರ್ಯಾಂಕ್ ಒಂದು ಸುತ್ತು ಬಂದರೆ ಒಂದು ಹೊಕ್ಕು. ಒಮ್ಮೆ ಎಡದಿಂದ, ಒಮ್ಮೆ ಬಲದಿಂದ ಲಾಳಿ ಹಾರಬೇಕಾದ್ದರಿಂದ ಕೆಳಗಿನ ಶಾಫ್ಟ್ ಅರ್ಧ ವೇಗದಲ್ಲಿ ತಿರುಗಿದರೆ ಸಾಕು. ಅದರ ಮೇಲಿನ ಕ್ಯಾಮುಗಳೇ ಲಾಳಿಯನ್ನು ಹೊಡೆಯುತ್ತವೆ, ಹಾಸಿನ ಎಳೆಗಳನ್ನು ಎತ್ತಿ ಇಳಿಸುತ್ತವೆ. ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿಯೂ ಇದೇ ಲೆಕ್ಕ. ಕ್ರ್ಯಾಂಕ್ ಎರಡು ಸುತ್ತು ಬಂದಾಗ ಕ್ಯಾಮ್‌ಶಾಫ್ಟ್ ಒಂದು ಸುತ್ತು, ಪ್ರತಿ ಕವಾಟ ಒಂದು ಸಲ ತೆರೆಯುತ್ತದೆ. ಟ್ಯಾಪೆಟ್ ಎಂಬ ಹೆಸರು ಕೂಡ ಎರಡೂ ಕಡೆ ಒಂದೇ. ಟೈಮಿಂಗ್ ತಪ್ಪಿದರೆ ಮಗ್ಗದಲ್ಲಿ ಲಾಳಿ ಎಳೆಗಳ ನಡುವೆ ಸಿಕ್ಕಿ ನೂರಾರು ಎಳೆ ಹರಿಯುತ್ತವೆ. ಬಹಳಷ್ಟು ಎಂಜಿನ್ನುಗಳಲ್ಲಿ ಟೈಮಿಂಗ್ ಬೆಲ್ಟ್ ಹರಿದರೆ ಪಿಸ್ಟನ್ ಬಂದು ತೆರೆದ ಕವಾಟಕ್ಕೆ ಗುದ್ದುತ್ತದೆ. ವ್ಯತ್ಯಾಸ ವೇಗದ್ದು. ಮಗ್ಗ ನಿಮಿಷಕ್ಕೆ 120ರ ಆಸುಪಾಸು, ಕೆಂಪು ಗೆರೆ ಮುಟ್ಟಿದ ಸ್ಪೋರ್ಟ್ಸ್ ಕಾರು 7000, 8000.

ನಾವು ಆಗಷ್ಟೇ ದಾಟಿ ಬಂದ ಅಕ್ಕಲಕೋಟೆ ರಸ್ತೆಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಟವೆಲ್ ನೇಯುವ ಶೆಡ್ಡುಗಳ ನೆರೆಯಲ್ಲೇ ಪ್ರಿಸಿಷನ್ ಕ್ಯಾಮ್‌ಶಾಫ್ಟ್ಸ್ ಕಂಪನಿಯ ಕಚೇರಿ ಇದೆ. 1992ರಲ್ಲಿ ಹುಟ್ಟಿ, 2016ರಲ್ಲಿ ಷೇರುಪೇಟೆಗೆ ಬಂದ ಈ ಕಂಪನಿ ಜನರಲ್ ಮೋಟಾರ್ಸ್, ಫೋರ್ಡ್, ಹ್ಯುಂಡೈಗಳಂಥವರಿಗೆ ಕ್ಯಾಮ್‌ಶಾಫ್ಟ್ ಕೊಟ್ಟಿದೆ. ಚಿಲ್ಡ್ ಕಾಸ್ಟ್ ಐರನ್ ಎಂಬ ಎರಕದ ಉಪಾಯ ಸೊಗಸಾದದ್ದು. ಮರಳಿನ ಅಚ್ಚಿನಲ್ಲಿ ಕ್ಯಾಮಿನ ಉಬ್ಬುಗಳು ಬರುವ ಜಾಗದಲ್ಲಿ ಮಾತ್ರ ಲೋಹದ ತುಂಡುಗಳನ್ನು ಇಟ್ಟಿರುತ್ತಾರೆ. ಕರಗಿದ ಕಬ್ಬಿಣ ಅಲ್ಲಿ ಥಟ್ಟನೆ ತಣಿದು ಬಿಳಿ ಕಬ್ಬಿಣವಾಗಿ ಗಡುಸಾಗುತ್ತದೆ, ಉಳಿದದ್ದು ಮರಳಿನಲ್ಲಿ ನಿಧಾನ ತಣಿದು ಮೆದುವಾಗೇ ಇರುತ್ತದೆ. ಒಂದೇ ಎರಕ, ಎರಡು ಸ್ವಭಾವ.

ಸ್ಪೋರ್ಟ್ಸ್ ಕಾರಿನ ಕ್ಯಾಮಿನ ಉಬ್ಬು ಸಾಮಾನ್ಯವಾಗಿ ಎತ್ತರ, ಅಗಲ. ಕವಾಟ ಹೆಚ್ಚು ಹೊತ್ತು ತೆರೆದಿರುತ್ತದೆ. ವೇಗದಲ್ಲಿ ಉಸಿರು ಚೆನ್ನ, ನಿಂತಾಗ ಗಡಗಡ. ಹೊಸ ಮಾಲೀಕರು ಅದನ್ನೇ "ಮಿಸ್ಸಿಂಗ್" ಅಂದುಕೊಂಡು ಗ್ಯಾರೇಜಿಗೆ ಬಂದು ಪ್ಲಗ್ಗು, ಕಾಯಿಲ್ ಎಲ್ಲ ಬದಲಿಸಿ ದುಡ್ಡು ಕಳೆದುಕೊಳ್ಳುವುದುಂಟು. ಟ್ಯಾಪೆಟ್ ಸದ್ದಿನದೂ ಹಾಗೇ. ಸದ್ದು ಅಡಗಿಸಲೆಂದು ಕವಾಟದ ಸಂದನ್ನು ತೀರಾ ಬಿಗಿಮಾಡಿದರೆ ಬಿಸಿಗೆ ಹಿಗ್ಗಿದ ಕವಾಟ ಪೂರ್ತಿ ಮುಚ್ಚದೆ ಅಂಚು ಸುಡುತ್ತದೆ. ನಿಶ್ಶಬ್ದ ಎಂಜಿನ್ ಕಂಡರೆ ಮಿಸ್ತ್ರಿಗೆ ಅನುಮಾನವೇ ಜಾಸ್ತಿ.

ಹಾಗೆಂದು ಅವರು ಸ್ಕ್ಯಾನರ್ ಬೇಡವೆನ್ನುವವರಲ್ಲ, ಗೂಡಿನಲ್ಲಿ ಒಂದು ಇತ್ತು. ಅದು ಪಿ-0016 ಎಂದು ತೋರಿಸಿದರೆ ಕ್ರ್ಯಾಂಕಿಗೂ ಕ್ಯಾಮಿಗೂ ತಾಳ ಕೂಡುತ್ತಿಲ್ಲ ಎಂದರ್ಥ. ಆದರೆ ಚೈನು ಜೋಲಿತೋ, ಎಣ್ಣೆ ಕೆಟ್ಟು ಟೈಮಿಂಗ್ ಬದಲಿಸುವ ವಾಲ್ವ್ ಅಂಟಿಕೊಂಡಿತೋ, ಸೆನ್ಸರಿನ ತಂತಿಯನ್ನು ಇಲಿ ಕಡಿಯಿತೋ ಎಂಬುದನ್ನು ಮನುಷ್ಯನೇ ಹುಡುಕಬೇಕು. ಹಳೆಯ ಗಾಡಿ ತಂದವರಿಗೆ ಅವರು ಮೊದಲು ತೋರಿಸುವುದು ಪೆಟ್ರೋಲ್ ಪೈಪು. ಶೇಕಡಾ 20 ಎಥೆನಾಲ್ ಬೆರೆತ ಪೆಟ್ರೋಲಿಗೆ ಹಳೆ ರಬ್ಬರು ತಾಳುವುದಿಲ್ಲ. ಆ ಎಥೆನಾಲಿನಲ್ಲಿ ಒಂದಷ್ಟು ಇದೇ ಜಿಲ್ಲೆಯ ಕಬ್ಬಿನದು!

ನಮ್ಮ ಗಾಡಿಯ ರೋಗ ಇಷ್ಟೇ: ಫ್ಯಾನು ತಿರುಗುತ್ತಿರಲಿಲ್ಲ. ಬ್ಯಾಟರಿಯಿಂದ ನೇರ ತಂತಿ ಕೊಟ್ಟಾಗ ತಿರುಗಿತು, ಅಂದರೆ ಮೋಟಾರು ಸರಿ. ಫ್ಯೂಸೂ ಸರಿ. ಬೆಂಕಿಪೆಟ್ಟಿಗೆಗಿಂತ ಚಿಕ್ಕ ರಿಲೇ ಸತ್ತಿತ್ತು. ಅಂಥದ್ದು ಸೊಲ್ಲಾಪುರದಿಂದ ತರಿಸಬೇಕು. ಮಿಸ್ತ್ರಿ ಗಾಡಿಯ ಫ್ಯೂಸ್ ಪೆಟ್ಟಿಗೆಯಲ್ಲಿದ್ದ ರಿಲೇಗಳ ನಂಬರು ಒಂದೊಂದಾಗಿ ಓದಿ, ಹಾರ್ನಿನದನ್ನು ಕಿತ್ತು ಫ್ಯಾನಿನ ಜಾಗಕ್ಕೆ ಒತ್ತಿದರು. "ಎರಡೂ ಒಂದ ನಮೂನಿ. ಸದ್ಯಕ್ಕ ಫ್ಯಾನ್ ಬೇಕೋ, ಹಾರ್ನ್ ಬೇಕೋ?"

ಅಂದು ಗುರುವಾರ. ಅಕ್ಕಲಕೋಟೆಯಲ್ಲಿ ಸ್ವಾಮಿ ಸಮರ್ಥರ ದರ್ಶನಕ್ಕೆ ಜನವೋ ಜನ. ಅನ್ನಛತ್ರದ ಕಡೆಯ ದಾರಿಯಲ್ಲಿ ಫ್ಯಾನು ಗುಂಯ್ ಅನ್ನುತ್ತಿತ್ತು, ಮುಳ್ಳು ನಟ್ಟನಡುವೆ ನಿಂತಿತ್ತು. ನೆಲಕ್ಕೆ ಅಂಟಿದಂತೆ ಸರಿಯುತ್ತಿದ್ದ ಆ ಕೆಂಪು ಗಾಡಿಯ ಕಿಟಕಿಯಿಂದ ಗೆಳೆಯ ಅರ್ಧ ಮೈ ಹೊರಗೆ ಚಾಚಿ, ಹರಕು ಮರಾಠಿಯಲ್ಲೂ ಕನ್ನಡದಲ್ಲೂ "ಸರೀರಿ, ಸರೀರಿ" ಎಂದು ಕೂಗುತ್ತಲೇ ಇದ್ದ.